ಅಡುಗೆಮನೆಯವರ ಮೊಹರು

ಮೀನುಂಡೆ ಸಾರಿನ ಪಾತ್ರೆ ಎತ್ತಲು ಇಬ್ಬರು ಬೇಕು. ಒಂದು ಹಿಡಿ ತಾವೊ ಅಕ್ಕನ ಕೈಯಲ್ಲಿ, ಇನ್ನೊಂದು ಯೂಚಾಯ್ ಕೈಯಲ್ಲಿ. ಒಲೆಯಿಂದ ಇಳಿಸಿ, ಒದ್ದೆ ನೆಲದಲ್ಲಿ ಕಾಲು ಜಾರದ ಹಾಗೆ ನಡೆದು, ಹೊಸ್ತಿಲು ದಾಟಿ, ಮುದುಕರು ಬಟ್ಟಲು ಹಿಡಿದು ಕುಳಿತಿರುವ ಹಾಲ್‌ವರೆಗೆ ಅದನ್ನು ಹೊರಬೇಕು. ಮೊದಲು ಇದಕ್ಕೊಂದು ಗಾಲಿಗಾಡಿ ಇತ್ತು. ತುಕ್ಕು ಹಿಡಿದ ಗಾಡಿ, ಉರುಳುವಾಗ ಕಿರ್ರೆನ್ನುತ್ತಿತ್ತು. ಹೊಸ ನಿರ್ದೇಶಕರು ಬಂದ ವಾರವೇ ಅದನ್ನು ಗುಜರಿಗೆ ಹಾಕಿಸಿದರು. ಆ ಸದ್ದು ಮನಸ್ಸಿನ ಶಾಂತಿ ಕೆಡಿಸುತ್ತದಂತೆ.

"ಶಾಂತಿ ಅವರ್ದು, ಸೊಂಟ ನಮ್ದು," ಎಂದಳು ತಾವೊ ಅಕ್ಕ.

"ಮೆಲ್ಲಗೆ ಮಾತಾಡಕ್ಕ, ಅವರು ಮೆಟ್ಟಿಲ ಮೇಲೇ ಇದ್ದಾರೆ," ಎಂದೆ ನಾನು.

"ಇದ್ರೆ ಇರ್ಲಿ ಬಿಡೆ ಶುವೆನ್. ಅವ್ರ ಕಿವಿಗೆ ಸಿಕ್ಕಿಸ್ಕೊಂಡಿರೋದ್ರಲ್ಲಿ ಯಾವಾಗ್ಲೂ ಕೊಳಲು ಊದ್ತಾ ಇರುತ್ತೆ. ನಮ್ಮ ಮಾತು ಎಲ್ಲಿ ಕೇಳುತ್ತೆ?"

ನಮ್ಮದು ದೊಂಗ್‌ಗಾಂಗ್ ಬಂದರಿನ ಸುಕ್ಷೇಮ ಸಂಘ. ಹಿಂದೆ ಮೀನು ಹರಾಜು ಹಾಕುತ್ತಿದ್ದ ಕಟ್ಟಡ. ಕೆಳಗೆ ಅಡುಗೆಮನೆ ಮತ್ತು ಹಾಲ್, ಮೇಲೆ ಕಚೇರಿ. ದೋಣಿಗೆ ಹೋಗಿ ಹೋಗಿ ಬೆನ್ನು ಬಾಗಿದ ಗಂಡಸರು, ಸೀಗಡಿ ಸುಲಿದು ಸುಲಿದು ಬೆರಳು ಸೊಟ್ಟಗಾದ ಹೆಂಗಸರು ಮಧ್ಯಾಹ್ನ ಇಲ್ಲಿಗೆ ಬಂದು ಉಣ್ಣುತ್ತಾರೆ. ರಕ್ತದೊತ್ತಡ ನೋಡಿಸಿಕೊಳ್ಳುತ್ತಾರೆ. ಕೈ ಬೀಸಿ ವ್ಯಾಯಾಮ ಮಾಡುತ್ತಾರೆ. ಹಾಸಿಗೆ ಹಿಡಿದವರ ಮನೆಗೆ ಮಿಂಗ್‌ಫಾ ಸ್ಕೂಟರಿನಲ್ಲಿ ಊಟದ ಡಬ್ಬಿ ಮುಟ್ಟಿಸುತ್ತಾನೆ. ಮೀನುಂಡೆ ಕಾರ್ಖಾನೆಯ ಯಜಮಾನರಾದ ಲಿಯಾವ್ ಸಂಘದ ಅಧ್ಯಕ್ಷರು. ನಾನು ಕಚೇರಿಯ ಗುಮಾಸ್ತೆ. ಕಾಲೇಜು ಓದಿದವಳೆಂದು ಎಲ್ಲರ ಕಾಗದಪತ್ರಗಳೂ ನನ್ನ ಕೈಗೇ ಬರುತ್ತವೆ.

ಇದು ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ ಎಂದು ಬಾಗಿಲ ಬೋರ್ಡಿನ ಮೇಲೆ ಬರೆದಿದೆ. ಅಡುಗೆಮನೆಯವರ ಮಟ್ಟಿಗೆ ಅದು ಪೂರ್ತಿ ನಿಜ.

ಹೊಸ ನಿರ್ದೇಶಕರ ಹೆಸರು ಫಾಂಗ್ ಯೆನ್‌ಕಾಯ್. ತೈಪೆಯ ಆಚೆ, ಬಿಸಿನೀರಿನ ಬುಗ್ಗೆಗಳಿರುವ ಬೆಟ್ಟದಲ್ಲಿ ದೊಡ್ಡ ರೆಸಾರ್ಟ್ ನಡೆಸುತ್ತಿದ್ದವರು. ನಮ್ಮ ಸಂಘಕ್ಕೆ ಕಾರ್ಯಾಚರಣೆಯ ನಿರ್ದೇಶಕರೊಬ್ಬರು ಬೇಕು ಎಂದು ಅಧ್ಯಕ್ಷರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಅಲ್ಲಿಯವರೆಗೆ ಕಾರ್ಯಾಚರಣೆ ಎಂದರೆ ತಾವೊ ಅಕ್ಕ ಬೆಳಿಗ್ಗೆ ಬಂದು ಒಲೆ ಹಚ್ಚುವುದು ಎಂದೇ ನಾವು ತಿಳಿದಿದ್ದೆವು.

ಮೊದಲ ದಿನ ಫಾಂಗ್ ನಾರುಬಟ್ಟೆಯ ಅಂಗಿ, ಬಟ್ಟೆಯ ಬೂಟು ತೊಟ್ಟು ಹಾಲ್‌ನ ನಡುವೆ ನಿಂತರು. ತೀರ ಮೆತ್ತಗಿನ ದನಿಯಲ್ಲಿ ಮಾತಾಡಿದರು. ಮುಂದಿನ ಸಾಲಿನಲ್ಲಿದ್ದ ಕುನ್ ತಾತನಿಗೂ ಕೇಳಿಸಲಿಲ್ಲ.

"ಏನಂತೆ? ಯಾರು ಹೋಗ್ಬಿಟ್ರಂತೆ?" ಎಂದು ತಾತ ಪಕ್ಕದವರನ್ನು ಕೇಳಿದರು.

"ಯಾರೂ ಹೋಗಿಲ್ಲ ತಾತ, ಇವರು ಬಂದಿದ್ದಾರೆ."

"ಇಲ್ಲಿ ಕೆಲಸಗಾರರು ಯಾರೂ ಇಲ್ಲ," ಎನ್ನುತ್ತಿದ್ದರು ಫಾಂಗ್, ಎದೆಯ ಮೇಲೆ ಕೈಯಿಟ್ಟು. "ಯಜಮಾನರೂ ಇಲ್ಲ. ನಾವೆಲ್ಲ ಒಂದೇ ಕುಟುಂಬ."

ಯೂಚಾಯ್ ನನ್ನ ಕಿವಿಯ ಹತ್ತಿರ ಬಂದಳು. "ಹಂಗಾದ್ರೆ ಇವತ್ತು ಪಾತ್ರೆ ತೊಳೆಯೋ ಸರದಿ ಯಾರ್ದೆ? ಈ ತಮ್ಮಂದಾ?"

ಕುಟುಂಬದ ಸುಧಾರಣೆ ಶುರುವಾಯಿತು. ಅಡುಗೆಮನೆಯ ಸ್ಟೂಲುಗಳು ಹೋದವು. ನಿಂತು ಕೆಲಸ ಮಾಡಿದರೆ ರಕ್ತ ಚೆನ್ನಾಗಿ ಹರಿಯುತ್ತದಂತೆ. ಒಣಮೂಲಂಗಿ ಹಾಕಿದ ಮೊಟ್ಟೆದೋಸೆ ಹೋಗಿ ಹಸಿ ಸೊಪ್ಪು, ನೆನೆಸಿದ ಬೀಜಗಳು ಬಂದವು. ಕುನ್ ತಾತ ಸೊಪ್ಪಿನ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರು.

"ನನ್ನನ್ನ ಹಸು ಅನ್ಕೊಂಡವ್ರಾ ಇವ್ರು? ಹಸುಗಾದ್ರೂ ಹಲ್ಲಿರುತ್ತಪ್ಪಾ."

ಆಮೇಲೆ ಕಂಚಿನ ಬಟ್ಟಲು ಬಂತು. ಅಂಗೈಯಲ್ಲಿ ಕೂರುವಂಥದ್ದು. ಮರದ ಕೋಲಿನಿಂದ ಫಾಂಗ್ ಅದನ್ನು ತಟ್ಟಿದರೆ ಉದ್ದಕ್ಕೆ ಗುಂಯ್ ಎನ್ನುತ್ತದೆ. ಸದ್ದು ಕೇಳಿದ ಕೂಡಲೇ ಎಲ್ಲಿದ್ದವರು ಅಲ್ಲೇ ನಿಲ್ಲಬೇಕು. ಕಣ್ಣು ಮುಚ್ಚಬೇಕು. ನಿಧಾನವಾಗಿ ಮೂರು ಸಲ ಉಸಿರಾಡಬೇಕು. ಯಾವಾಗ ತಟ್ಟುತ್ತಾರೆ ಎಂದು ಮೊದಲೇ ತಿಳಿಯುವುದಿಲ್ಲ. ತಿಳಿದರೆ ಅದು ಅಭ್ಯಾಸವಾಗಿಬಿಡುತ್ತದೆ, ಅರಿವಾಗುವುದಿಲ್ಲ ಎಂದರು. ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುವಾಗಲೂ ತಟ್ಟಿದರು. ಮಿಂಗ್‌ಫಾ ಸ್ಕೂಟರ್ ಹಿಂದೆ ತೆಗೆಯುತ್ತಿರುವಾಗಲೂ ತಟ್ಟಿದರು. ಮಿಂಗ್‌ಫಾ ಸ್ಕೂಟರ್ ಸಮೇತ ಮೀನಿನ ಬುಟ್ಟಿಗಳ ಮೇಲೆ ಹೋಗಿ ಕೂತ.

ಕಣ್ಣು ಮುಚ್ಚದವರನ್ನು ಫಾಂಗ್ ಬೈಯುತ್ತಿರಲಿಲ್ಲ. ಮೇಲಕ್ಕೆ ಕರೆಸಿ, ಚಹಾ ಕೊಟ್ಟು, "ನಿಮ್ಮೊಳಗೆ ಏನೋ ಪ್ರತಿರೋಧ ಇದೆ," ಎನ್ನುತ್ತಿದ್ದರು. "ಅದು ಇರುವವರೆಗೆ ಈ ಜಾಗ ನಿಮಗೆ ಹೊಂದುತ್ತದೋ ಇಲ್ಲವೋ, ನೀವೇ ಯೋಚಿಸಿ." ಯೂಚಾಯ್ ಒಂದು ದಿನ ಹೀಗೆ ಚಹಾ ಕುಡಿದು ಬಂದಳು. ಅವಳ ಗಂಡನಿಗೆ ದೋಣಿಯಲ್ಲಿ ಕೆಲಸ ಸಿಕ್ಕದೆ ಮಳೆಗಾಲವೇ ಕಳೆದಿತ್ತು. ಕೆಳಗಿಳಿದು ಬಂದವಳ ಮುಖ ಸುಣ್ಣದ ಹಾಗಾಗಿತ್ತು.

ಅದರ ಮಾರನೆಯ ದಿನ ಸಂಘಕ್ಕೆ ಅನುದಾನ ಕೊಡುವ ಸರ್ಕಾರಿ ಕಚೇರಿಯಿಂದ ಅತಿಥಿಗಳು ಬಂದಿದ್ದರು. ಫಾಂಗ್ ಅವರಿಗೆ ಹಾಲ್ ತೋರಿಸುತ್ತಿದ್ದರು. ತಾವೊ ಅಕ್ಕ, ಯೂಚಾಯ್ ಸಾರಿನ ಪಾತ್ರೆ ಹಿಡಿದು ಹೊಸ್ತಿಲು ದಾಟುತ್ತಿದ್ದರು. ಆಗ ಬಟ್ಟಲು ಗುಂಯ್ ಎಂದಿತು.

ನಾನು ಯಾವಾಗಲೂ ಅರ್ಧ ಕಣ್ಣು ಮುಚ್ಚುತ್ತಿದ್ದೆ. ಹಾಗಾಗಿ ಎಲ್ಲವನ್ನೂ ಕಂಡೆ. ಯೂಚಾಯ್ ನಿಂತಳು, ಕಣ್ಣು ಮುಚ್ಚಿದಳು. ತಾವೊ ಅಕ್ಕ ಇನ್ನೊಂದು ಹೆಜ್ಜೆ ಇಟ್ಟಾಗಿತ್ತು. ಪಾತ್ರೆ ವಾಲಿತು. ಕುದಿಯುವ ಸಾರು ಅಕ್ಕನ ಬಲಗೈಯ ಮೇಲೆ, ಮೊಣಕೈಯಿಂದ ಬೆರಳ ತುದಿಯವರೆಗೆ ಹರಿಯಿತು.

"ಕಣ್ಣು ಬಿಡೇ ಮುಂಡೇದೆ!" ಎಂದು ಚೀರಿದಳು ಅಕ್ಕ. ಆಮೇಲೆ ಅವಳ ಬಾಯಿಂದ ಬಂದದ್ದು ಮಾತಾಗಿರಲಿಲ್ಲ.

ಫಾಂಗ್ ಮೂರನೆಯ ಉಸಿರು ಮುಗಿಸಿ ಕಣ್ಣು ತೆರೆದರು.

ಆಸ್ಪತ್ರೆಯಲ್ಲಿ ವೈದ್ಯರು ಚರ್ಮ ಕಸಿ ಮಾಡಬೇಕೆಂದರು. ಎರಡು ಬೆರಳು ಮಡಚುವುದು ಅನುಮಾನ ಎಂದರು. ಗುಣವಾಗುವವರೆಗೆ ಒಲೆಯ ಹತ್ತಿರ ಹೋಗುವಂತಿಲ್ಲ. ಆದರೆ ಕೆಲಸದ ಹೊತ್ತಿನಲ್ಲಿ ಆದ ಗಾಯ, ಕಾರ್ಮಿಕ ವಿಮೆಯಿದೆ, ಆಸ್ಪತ್ರೆಯ ಖರ್ಚೂ ಮನೆಯಲ್ಲಿ ಕೂತ ದಿನಗಳ ಸಂಬಳವೂ ಬರುತ್ತದೆ. ಅರ್ಜಿಯ ಕೆಳಗೆ ಸಂಘದ ಮೊಹರು ಬೀಳಬೇಕು, ಅಷ್ಟೆ. ಅರ್ಜಿಯನ್ನು ನಾನೇ ತುಂಬಿ ಫಾಂಗ್ ಮುಂದೆ ಇಟ್ಟೆ.

ಅವರು ಅದನ್ನು ಮುಟ್ಟಲಿಲ್ಲ. ಬಿಸಿ ತಟ್ಟೆಯನ್ನು ನೋಡುವ ಹಾಗೆ ನೋಡಿದರು.

"ಶುವೆನ್, 'ಅಪಘಾತ' ಎನ್ನುವ ಪದ ಬೇಡ. ತಾವೊ ಅವರು ಆ ಕ್ಷಣದಲ್ಲಿ ಇರಲಿಲ್ಲ."

"ಇದ್ರು ಸರ್. ಪಾತ್ರೆ ಹಿಡ್ಕೊಂಡಿದ್ರು."

"ದೇಹ ಇತ್ತು. ಅರಿವು ಇರಲಿಲ್ಲ."

ಅವರು ಮುಂದುವರಿಸಿದರು. ಅರ್ಜಿ ಹೋದರೆ ತನಿಖೆಯವರು ಬರುತ್ತಾರೆ. ಗಾಲಿಗಾಡಿ ಎಲ್ಲಿ ಎಂದು ಕೇಳುತ್ತಾರೆ. ಅನುದಾನ ನಿಲ್ಲುತ್ತದೆ. ಮುದುಕರು ಹಸಿದು ಕೂರುತ್ತಾರೆ. "ಒಬ್ಬರ ಕೈಗಾಗಿ ಇಷ್ಟು ಜನರ ಊಟ ಕಿತ್ತುಕೊಳ್ಳೋಣವೇ?" ಎಂದು ಮೆತ್ತಗೆ ಕೇಳಿ, ಮೇಜಿನ ಡ್ರಾಯರಿನಿಂದ ಬೇರೆ ಕಾಗದದ ಕಟ್ಟು ತೆಗೆದರು. ಅಡುಗೆಮನೆಯವರು, ಡಬ್ಬಿ ಒಯ್ಯುವವರು, ನೆಲ ಒರೆಸುವವರು ಎಲ್ಲರೂ ಚಂದ್ರನ ಹಬ್ಬದ ದಿನದಿಂದಲೇ ಸ್ವಂತ ಇಚ್ಛೆಯಿಂದ ಸ್ವಯಂಸೇವಕರಾಗಿದ್ದಾರೆ ಎಂದು ಅದರಲ್ಲಿತ್ತು. ಸಾರು ಚೆಲ್ಲಿದ್ದು ಆ ಹಬ್ಬ ಕಳೆದ ಮೇಲೆ. ಸ್ವಯಂಸೇವಕರಿಗೆ ಸಂಬಳವಿಲ್ಲ, ಬಸ್ಸಿನ ಖರ್ಚಿಗೆಂದು ಏನೋ ಒಂದಿಷ್ಟು. ವಿಮೆಯೂ ಇಲ್ಲ.

"ಒಬ್ಬೊಬ್ಬರ ಹೆಸರಿನ ಮುಂದೆಯೂ ಮೊಹರು ಒತ್ತಿಬಿಡಿ. ಎಲ್ಲ ನಿಮ್ಮ ಹತ್ತಿರವೇ ಇವೆಯಲ್ಲ."

ಇದ್ದವು. ಸಂಬಳ ಪಡೆದದ್ದಕ್ಕೆ, ರಜೆಗೆ, ಹಾಜರಿಗೆ ನಾವು ಸಹಿ ಹಾಕುವುದಿಲ್ಲ, ಹೆಸರಿನ ಮೊಹರು ಒತ್ತುತ್ತೇವೆ. ಅಡುಗೆಯವರ ಕೈ ಸದಾ ಒದ್ದೆ. ಪ್ರತಿಯೊಂದಕ್ಕೂ ಮಹಡಿ ಹತ್ತಲು ಅವರಿಗೆ ಪುರುಸೊತ್ತೆಲ್ಲಿ? ಅದಕ್ಕೇ ಎಲ್ಲರೂ ಒಂದೊಂದು ಅಗ್ಗದ ಮರದ ಮೊಹರು ಕೆತ್ತಿಸಿ ಕಚೇರಿಯಲ್ಲೇ ಬಿಟ್ಟಿದ್ದರು. ನನಗಿಂತ ಹಿಂದಿನ ಗುಮಾಸ್ತೆಯ ಕಾಲದಿಂದಲೂ ಹೀಗೇ ನಡೆದಿತ್ತು. ಊರಿನ ಎಷ್ಟೋ ಕಚೇರಿಗಳಲ್ಲಿ ಹೀಗೇ. ಅದನ್ನು ನಂಬಿಕೆ ಎಂದುಕೊಂಡಿದ್ದೆವು. ನನ್ನ ಮೊಹರೂ ಆ ರಾಶಿಯಲ್ಲೇ ಇತ್ತು.

"ಅವರನ್ನೊಂದು ಮಾತು ಕೇಳಿ..." ಎಂದೆ.

"ಕೇಳಬೇಕಾಗಿದ್ದರೆ ಮೊಹರನ್ನು ಯಾಕೆ ಬಿಟ್ಟುಹೋಗುತ್ತಿದ್ದರು?"

"ಕೆಂಪು ಶಾಯಿ ಒಣಗಿಹೋಗಿದೆ ಸರ್, ಹೊಸದು ತರಿಸಬೇಕು," ಎಂದೆ. ಅವರು ನನಗೂ ಒಂದು ಲೋಟ ಚಹಾ ಬಗ್ಗಿಸಿದರು.

"ಆತುರವಿಲ್ಲ. ವರ್ಷಾಂತ್ಯದ ಊಟದ ದಿನ ಮುಗಿಸಿಬಿಡಿ."

ವರ್ಷ ಮುಗಿಯುವಾಗ ಯಜಮಾನರು ಕೆಲಸಗಾರರಿಗೆ ಹಾಕಿಸುವ ಆ ಊಟದ ಹಿಂದಿನ ದಿನ ಸಂಜೆ ನಾನು ತಾವೊ ಅಕ್ಕನ ಮನೆಗೆ ಹೋದೆ. ಅವಳು ಬ್ಯಾಂಡೇಜ್ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಎಡಗೈಯಿಂದ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಂದು ಎಸಳಿಗೆ ಎಷ್ಟೋ ಹೊತ್ತು ಹಿಡಿಯುತ್ತಿತ್ತು.

"ಅಕ್ಕ, ನಿನ್ನ ಮೊಹರು ಕಚೇರೀಲಿ ನನ್ನ ಹತ್ರ ಇದೆ."

"ಗೊತ್ತಲ್ಲೆ. ಇರ್ಲಿ ಬಿಡು."

"ಇರೋದು ಬೇಡ ಅನ್ಸುತ್ತೆ."

ಅವಳು ಬೆಳ್ಳುಳ್ಳಿ ಕೆಳಗಿಟ್ಟಳು. "ಏನಾಯ್ತು? ಕಾಲೇಜಿನೋರ ಥರ ಸುತ್ತಿ ಬಳಸಿ ಬೇಡ. ಬಾಯಿ ಬಿಟ್ಟು ಹೇಳು."

ಹೇಳಿದೆ.

"ಅಂದ್ರೆ ಸಾರು ಬಿದ್ದಾಗ ನಾನು ಪುಣ್ಯ ಕಟ್ಕೊಳ್ಳೋಕೆ ಬಂದಿದ್ದೋಳು?"

"ಕಾಗದದಲ್ಲಿ ಹಾಗಿದೆ."

"ಮತ್ತೆ ಈ ಕೈ?"

"ಅದು ನಿನ್ನ ಸ್ವಂತದ್ದು."

ಅಕ್ಕ ನಗತೊಡಗಿದಳು. ನಗುವಾಗ ಕೈ ಅಲುಗಿ ನೋವಾಯಿತು. "ಅಯ್ಯೋ, ಅಮ್ಮಾ," ಎನ್ನುತ್ತ ಮತ್ತೆ ನಕ್ಕಳು. ಆಮೇಲೆ ನಗು ನಿಂತಿತು.

"ಎಷ್ಟು ಜನಕ್ಕೆ ಹೇಳಿದೀಯ?"

"ನಿನಗೊಬ್ಬಳಿಗೇ. ನನಗೆ ಭಯ ಅಕ್ಕ."

"ಭಯ ಇರ್ಲಿ. ಭಯ ಇಟ್ಕೊಂಡೇ ಬಾ. ಉಳಿದೋರಿಗೆ ನಾನು ಹೇಳ್ತೀನಿ. ನಾಳೆ ಊಟಕ್ಕೂ ಬರ್ತೀನಿ. ಕುಟುಂಬದೋಳಲ್ವಾ ನಾನು?"

ವರ್ಷಾಂತ್ಯದ ಊಟಕ್ಕೂ ಸೊಪ್ಪು, ಬೀಜಗಳೇ ಸಾಕೆಂದು ಫಾಂಗ್ ಹೇಳಿದ್ದರು. ಇದೊಂದು ವಿಷಯದಲ್ಲಿ ಅಧ್ಯಕ್ಷರು ಒಪ್ಪಲಿಲ್ಲ. "ಭೂದೇವರಿಗೆ ಎಡೆ ಇಡೋ ದಿನ ಸೊಪ್ಪು ಇಟ್ರೆ ಬಲೆಗೆ ಮೀನು ಬೀಳುತ್ತೇನ್ರಿ?" ಎಂದು ಗದರಿದರು. ಹಾಗಾಗಿ ಅಂಗಳದಲ್ಲಿ ಡೇರೆ ಹಾಕಿ, ಅಡುಗೆ ಗುತ್ತಿಗೆಯವರನ್ನು ಕರೆಸಿ, ಮಧ್ಯಾಹ್ನ ಸರಿಯಾಗಿ ಊಟ ಹಾಕಿಸಿದರು. ಕುಟುಂಬವೆಂದ ಮೇಲೆ ಬೇರೆ ಬೇರೆ ಪಂಕ್ತಿ ಬೇಡವೆಂದು, ದುಂಡು ಮೇಜಿನ ಸುತ್ತ ಅಧ್ಯಕ್ಷರು, ಫಾಂಗ್, ಅಡುಗೆಮನೆಯವರು, ಮಿಂಗ್‌ಫಾ, ಕುನ್ ತಾತ, ನಾನು. ನಡುವೆ ತಿರುಗುವ ಗಾಜಿನ ಹಲಗೆ. ಬೇರೆ ಮುದುಕರು ಪಕ್ಕದ ಮೇಜುಗಳಲ್ಲಿದ್ದರು. ತಾವೊ ಅಕ್ಕ ಕೊನೆಗೆ ಬಂದು ಉಳಿದ ಕುರ್ಚಿಯಲ್ಲಿ ಕೂತಳು.

ಫಾಂಗ್ ಎದ್ದು ನಿಂತರು. "ಇವತ್ತು ನಮ್ಮ ಪ್ರೀತಿಗೆ ಒಂದು ರೂಪ ಕೊಡುತ್ತಿದ್ದೇವೆ," ಎಂದರು. "ಇನ್ನು ಮುಂದೆ ಎಲ್ಲರೂ ಸ್ವಯಂಸೇವಕರು. ಸಣ್ಣ ಕಾಗದದ ಕೆಲಸವಿದೆ. ನೀವು ಏಳುವುದೂ ಬೇಡ. ಶುವೆನ್ ಮಹಡಿಯಲ್ಲಿ ಮೊಹರು ಒತ್ತಿಬಿಡುತ್ತಾರೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಹೊತ್ತಿಗೆ ಬಡಿಸುವವನು ಬೇಯಿಸಿದ ಇಡೀ ಕೋಳಿಯ ತಟ್ಟೆಯನ್ನು ತಂದು ಗಾಜಿನ ಮೇಲೆ ಇಟ್ಟು ಹೋದ. ಕೋಳಿಯ ತಲೆ ತಾವೊ ಅಕ್ಕನ ಕಡೆಗಿತ್ತು.

ವರ್ಷಾಂತ್ಯದ ಊಟದಲ್ಲಿ ಕೋಳಿಯ ತಲೆ ಯಾರ ಕಡೆ ತಿರುಗಿದೆಯೋ ಅವರು ಹೊಸ ವರ್ಷ ಕೆಲಸಕ್ಕೆ ಬರಬೇಕಾಗಿಲ್ಲ. ಹಿಂದೆ ಯಜಮಾನರು ಬಾಯಿಂದ ಹೇಳಲಾರದ್ದನ್ನು ಹೀಗೆ ಹೇಳಿಸುತ್ತಿದ್ದರಂತೆ.

"ಕೋಳಿಗೆ ಮೊದಲೇ ಕಾಗದ ತೋರ್ಸಿದ್ರಾ ಸರ್?" ಎಂದ ಮಿಂಗ್‌ಫಾ.

"ಛೇ ಛೇ, ಇದೆಲ್ಲ ಹಳೆಯ ಮೂಢನಂಬಿಕೆ," ಎಂದು ನಕ್ಕರು ಫಾಂಗ್.

"ಹೌದಾ ಸರ್? ಹಂಗಾದ್ರೆ ಸರಿ," ಎಂದಳು ತಾವೊ ಅಕ್ಕ. ಎಡಗೈ ಚಾಚಿ ಗಾಜನ್ನು ನಿಧಾನವಾಗಿ ತಿರುಗಿಸಿದಳು. ತಲೆ ಫಾಂಗ್ ಮುಂದೆ ಹೋಗಿ ನಿಂತಿತು.

ಫಾಂಗ್ ಮುಖದಲ್ಲಿ ನಗು ಹಾಗೇ ಇತ್ತು. ಕೈ ಮಾತ್ರ ತನ್ನಷ್ಟಕ್ಕೆ ಗಾಜಿನ ಅಂಚಿಗೆ ಬಂತು. ಒಂದಿಷ್ಟೇ ತಳ್ಳಿದರು. ತಲೆ ಅಧ್ಯಕ್ಷರ ಕಡೆ ತಿರುಗಿತು.

"ಏಯ್! ಏನ್ರೀ ಇದು!" ಎಂದು ಅಧ್ಯಕ್ಷರು ಕುರ್ಚಿಯಲ್ಲೇ ಹಿಂದೆ ಸರಿದು ಗಾಜನ್ನು ವಾಪಸು ತಳ್ಳಿದರು. ಫಾಂಗ್ ಮತ್ತೆ ತಳ್ಳಿದರು. ಈ ಸಲ ನಗು ಇರಲಿಲ್ಲ. ಅಧ್ಯಕ್ಷರು ಎರಡೂ ಕೈ ಹಾಕಿದರು. ಕೋಳಿ ಅತ್ತ ಹೋಯಿತು, ಇತ್ತ ಬಂತು. ಸಾಸಿನ ಬಟ್ಟಲು ಉರುಳಿ ನಾರುಬಟ್ಟೆಯ ಅಂಗಿಯ ಮೇಲೆ ಹರಿಯಿತು. ಇಬ್ಬರೂ ಕೋಳಿಯನ್ನೇ ನೋಡುತ್ತಿದ್ದರು.

"ಅದನ್ನ ಸುತ್ತಿಸ್ತಾನೇ ಇರ್ತೀರೋ, ತಿನ್ನೋಕೂ ಕೊಡ್ತೀರೋ?" ಎಂದರು ಕುನ್ ತಾತ. "ಎಷ್ಟೋ ದಿನ ಆದ್ಮೇಲೆ ಮೆತ್ತಗಿರೋದು ಏನೋ ಬಂದಿದೆ."

ಯೂಚಾಯ್ ಎದ್ದಳು. ಅಂಗೈಯನ್ನು ಗಾಜಿನ ಮೇಲೆ ಒತ್ತಿ ನಿಲ್ಲಿಸಿದಳು. ತಲೆ ಯಾರ ಕಡೆ ನಿಂತಿತೆಂದು ಅವಳು ನೋಡಲೂ ಇಲ್ಲ.

"ಶುವೆನ್," ಎಂದಳು, "ನನ್ನ ಮೊಹರು ಕೊಡು."

"ನಂದೂ," ಎಂದ ಮಿಂಗ್‌ಫಾ.

ಒಬ್ಬರ ಹಿಂದೆ ಒಬ್ಬರು ಎದ್ದರು. ಕುರ್ಚಿಗಳು ಸರಿದ ಸದ್ದಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಡುಗೆಮನೆಯ ಚಪ್ಪಲಿಗಳಲ್ಲೇ ಎಲ್ಲರೂ ಮಹಡಿ ಹತ್ತಿದರು. ಅವರಲ್ಲಿ ಕೆಲವರು ಆ ಕಚೇರಿಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಫಾಂಗ್ ನಮ್ಮನ್ನು ದಾಟಿ ಬಂದು ನನ್ನ ಮೇಜಿಗೆ ಅಡ್ಡ ನಿಂತರು.

"ಇವು ಸಂಘದ ವಸ್ತುಗಳು."

"ಮರದ ತುಂಡಿನ ಮೇಲೆ ನಮ್ಮಪ್ಪ ಇಟ್ಟ ಹೆಸರಿದೆ ಸರ್," ಎಂದಳು ತಾವೊ ಅಕ್ಕ. "ಸರೀರಿ."

ಅವರ ಪಕ್ಕದಿಂದ ನುಸುಳಿ ನಾನು ಮೊಹರುಗಳ ಡ್ರಾಯರಿನ ಬೀಗ ತೆಗೆದೆ. ಒಂದೊಂದೇ ಹೆಸರು ಓದಿದೆ. ಒಂದೊಂದೇ ಕೈ ಮುಂದೆ ಬಂತು. ನನ್ನದನ್ನು ನಾನು ಜೇಬಿಗೆ ಹಾಕಿಕೊಂಡೆ.

"ಸಂಬಳದ ದಿನ ಏನು ಮಾಡುತ್ತೀರಿ?" ಎಂದರು ಫಾಂಗ್. ದನಿ ಈಗ ಮೆತ್ತಗಿರಲಿಲ್ಲ. ಕೆಳಗಿದ್ದ ಕುನ್ ತಾತನಿಗೂ ಕೇಳಿಸಿರಬೇಕು.

"ಹತ್ತಿ ಬರ್ತೀವಿ," ಎಂದ ಮಿಂಗ್‌ಫಾ. "ಶುವೆನ್ ಅಕ್ಕ ಓದ್ತಾಳೆ. ಕೇಳಿಸ್ಕೊಂಡು ನಮ್ಮ ಕೈಯಾರೆ ಒತ್ತುತ್ತೀವಿ."

ತಾವೊ ಅಕ್ಕ ನನ್ನ ಮೇಜಿನ ಮೇಲಿದ್ದ ವಿಮೆಯ ಅರ್ಜಿಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ಫಾಂಗ್ ಮುಂದೆ ಹಿಡಿದಳು.

"ನಮ್ದು ನಮ್ಮ ಕೈಗೆ ಬಂತು ಸರ್. ಈಗ ನಿಮ್ದು ತೆಗೀರಿ."

ಸಂಘದ ಮೊಹರು ಅವರ ಕೋಣೆಯ ಕಪಾಟಿನಲ್ಲಿತ್ತು, ರೇಷ್ಮೆಯ ಪೆಟ್ಟಿಗೆಯೊಳಗೆ. ಫಾಂಗ್ ಮೆಟ್ಟಿಲ ಕಡೆ ನೋಡಿದರು. ಅಧ್ಯಕ್ಷರು ಅರ್ಧ ಮೆಟ್ಟಿಲು ಹತ್ತಿ ಅಲ್ಲೇ ನಿಂತಿದ್ದರು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ.

"ಆ ಅರ್ಜಿಯಲ್ಲಿ ಏನಿದೆ ಅಂತ ನಿಮಗೆ ಗೊತ್ತಾ?" ಎಂದರು ಫಾಂಗ್. "ಶುವೆನ್, ಇವರಿಗೆ ತಿಳಿಸಿ ಹೇಳಿ."

ನಾನು ಅರ್ಜಿಯನ್ನು ತೆಗೆದುಕೊಂಡೆ. ತಿಳಿಸಿ ಹೇಳುವ ಮಾತು ನನ್ನ ಹತ್ತಿರ ಇರಲಿಲ್ಲ. ಇದ್ದದ್ದನ್ನು ಓದಿದೆ. ಗಾಯಗೊಂಡವರ ಹೆಸರು. ಊರು. ಗಾಯವಾದ ಜಾಗ, ಸಂಘದ ಅಡುಗೆಮನೆಯ ಹೊಸ್ತಿಲು. ಗಾಯಗೊಂಡವರು ಸಂಘಕ್ಕೆ ಏನಾಗಬೇಕು ಎನ್ನುವ ಸಾಲಿನಲ್ಲಿ ನಾನು 'ಕೆಲಸಗಾರ್ತಿ' ಎಂದು ಬರೆದಿದ್ದೆ.

"ಅದನ್ನ ಇನ್ನೊಂದ್ಸಲ ಓದು," ಎಂದಳು ತಾವೊ ಅಕ್ಕ.

"ಕೆಲಸಗಾರ್ತಿ."

"ಕೆಳಗಿರೋರಿಗೆ ಕೇಳ್ಸಲಿಲ್ಲ ಕಣೆ," ಎಂದಳು ಯೂಚಾಯ್.

ನಾನು ಕಿಟಕಿ ತೆರೆದೆ. ಅಂಗಳದಲ್ಲಿ ಮುದುಕರೆಲ್ಲ ಚಾಪ್‌ಸ್ಟಿಕ್ ಕೆಳಗಿಟ್ಟು ಮೇಲೆ ನೋಡುತ್ತಿದ್ದರು. ಅಷ್ಟು ಗಟ್ಟಿಯಾಗಿ ನಾನು ಅದುವರೆಗೆ ಯಾವ ಪದವನ್ನೂ ಓದಿರಲಿಲ್ಲ.